ಬಿಪಿ ಇದ್ದವರಿಗೆ ಯಾವ ಹಣ್ಣು? ಬ್ಲೂಬೆರಿಯಿಂದ ಸೀಬೆಯವರೆಗೆ ಒಂದು ಹೋಲಿಕೆ

"ಬಿಪಿ ಸ್ವಲ್ಪ ಜಾಸ್ತಿ ಇದೆ. ಉಪ್ಪು ಕಡಿಮೆ ಮಾಡಿ, ಹಣ್ಣು ತಿನ್ನಿ" ಅಂತ ಡಾಕ್ಟರು ಹೇಳಿ ಕಳಿಸುತ್ತಾರೆ. ಯಾವ ಹಣ್ಣು ಅಂತ ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕೂಗಿರುತ್ತಾರೆ. ಗೊಂದಲ ಶುರುವಾಗುವುದು ಆಮೇಲೆ. ಮಗ ಬೆಂಗಳೂರಿನಿಂದ ಬರುವಾಗ ಬ್ಲೂಬೆರಿ ಡಬ್ಬಿ ತರುತ್ತಾನೆ. ಪಕ್ಕದ ಮನೆಯವರು ದಾಳಿಂಬೆ ಜ್ಯೂಸ್ ಅನ್ನುತ್ತಾರೆ. ವಾಟ್ಸಾಪ್‌ನಲ್ಲಿ ದಿನಕ್ಕೆರಡು ಬಾಳೆಹಣ್ಣು ಅಂತ ಬರುತ್ತದೆ. ದೇವರಾಜ ಮಾರ್ಕೆಟ್‌ಗೆ ಹೋದರೆ ಇವೆಲ್ಲ ಸಾಲಾಗಿ ಕೂತಿರುತ್ತವೆ, ಕೈಯಲ್ಲಿರುವ ಚೀಲ ಮಾತ್ರ ಒಂದೇ.

ಓದುಗರಿಂದ ಜಾಸ್ತಿ ಬರುವ ಪ್ರಶ್ನೆಯೂ ಇದೇ. ಹಾಗಾಗಿ ಒಂದೊಂದೇ ಹಣ್ಣನ್ನು ತೂಗಿ ನೋಡೋಣ. ಅದಕ್ಕೆ ಮುಂಚೆ ಹಣ್ಣಿಗೂ ಬಿಪಿಗೂ ನಡುವೆ ಕೂತಿರುವ ಕರುಳಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಇದು ಗೊತ್ತಾಗದೆ ಹೋಲಿಸಿದರೆ ಕೊನೆಗೆ ದುಬಾರಿ ಹಣ್ಣೇ ಗೆಲ್ಲುತ್ತದೆ.

ಕರುಳಿಗೇನು ಕೆಲಸ?

ಹಣ್ಣಿನ ಬಣ್ಣ, ಒಗರು, ಸ್ವಲ್ಪ ಕಹಿ ಇವೆಲ್ಲ ಹೆಚ್ಚಾಗಿ ಪಾಲಿಫಿನಾಲ್ ಎಂಬ ದೊಡ್ಡ ಗುಂಪಿನ ಪದಾರ್ಥಗಳಿಂದ ಬರುತ್ತವೆ. ಫ್ಲೇವನಾಯ್ಡ್‌ಗಳು ಈ ಗುಂಪಿನವೇ. ನೇರಳೆ, ಕಪ್ಪು ದ್ರಾಕ್ಷಿಗಳ ಬಣ್ಣವಾದ ಆಂಥೋಸಯನಿನ್ ಒಂದು ಫ್ಲೇವನಾಯ್ಡ್. ತಿಂದ ಪಾಲಿಫಿನಾಲ್‌ನಲ್ಲಿ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುವುದು ನೂರಕ್ಕೆ 5ರಿಂದ 10 ಪಾಲು ಅಷ್ಟೇ. ಮಿಕ್ಕಿದ್ದೆಲ್ಲ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಚಿಕ್ಕ ಚಿಕ್ಕ ಆಮ್ಲಗಳನ್ನಾಗಿ ಮಾಡುತ್ತವೆ. ರಕ್ತಕ್ಕೆ ಹೋಗಿ ರಕ್ತನಾಳದ ಒಳಪದರವನ್ನು ಸಡಿಲವಾಗಿಡಲು ನೆರವಾಗುವುದು ಬಹುಮಟ್ಟಿಗೆ ಈ ಚಿಕ್ಕ ತುಣುಕುಗಳು. ಹಣ್ಣಿನ ನಾರನ್ನೂ ಇದೇ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳನ್ನು ಮಾಡುತ್ತವೆ. ಬಿಪಿ ಏರಿಳಿತದಲ್ಲಿ ಇವುಗಳ ಕೈವಾಡ ಇರುವುದು ಇಲಿಗಳಲ್ಲಿ ಚೆನ್ನಾಗಿ ಕಂಡಿದೆ. ಬಿಪಿ ಇರುವ ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳನ್ನು, ಕರುಳಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲದ ಹಾಗೆ ಬೆಳೆಸಿದ ಇಲಿಗಳಿಗೆ ಹಾಕಿದಾಗ ಇಲಿಗಳ ಬಿಪಿಯೂ ಏರಿತ್ತು. ಇದು 2017ರಲ್ಲಿ ಪ್ರಕಟವಾದ ಪ್ರಯೋಗ.

ಮನುಷ್ಯರ ವಿಷಯದಲ್ಲಿ ಎಲ್ಲರೂ ಹೇಳುವುದು 2021ರ ಜರ್ಮನಿಯ ಅಧ್ಯಯನ. 25ರಿಂದ 82 ವರ್ಷದ 904 ಜನರ ಊಟ, ಕರುಳಿನ ಬ್ಯಾಕ್ಟೀರಿಯಾ, ಬಿಪಿ ಮೂರನ್ನೂ ನೋಡಿದರು. ದಿನಕ್ಕೆ ಸುಮಾರು 120 ಗ್ರಾಂ ಬೆರಿ ಹಣ್ಣು ತಿನ್ನುವವರ ಮೇಲಿನ ಬಿಪಿ ಸರಾಸರಿ 4 ಪಾಯಿಂಟ್ ಕಡಿಮೆ ಇತ್ತು. ಆ ವ್ಯತ್ಯಾಸದಲ್ಲಿ ನೂರಕ್ಕೆ 12 ಪಾಲು ಕರುಳಿನ ಬ್ಯಾಕ್ಟೀರಿಯಾಗಳ ಲೆಕ್ಕಕ್ಕೆ ಸೇರಿತು. ಹನ್ನೆರಡೇ ಪಾಲು, ನೆನಪಿರಲಿ. ಕರುಳೇ ಎಲ್ಲ ಅನ್ನುವ ವಿಡಿಯೊಗಳು ಈ ಅಂಕಿಯನ್ನು ಹೇಳುವುದಿಲ್ಲ. ಜೊತೆಗೆ ಇದು ಜನ ಏನು ತಿನ್ನುತ್ತಾರೆ ಅಂತ ನೋಡಿ ಮಾಡಿದ ಲೆಕ್ಕ, ಹಣ್ಣು ಕೊಟ್ಟು ಪರೀಕ್ಷಿಸಿದ್ದಲ್ಲ. ಬೆರಿ ತಿನ್ನುವವರು ವಾಕಿಂಗೂ ಜಾಸ್ತಿ ಮಾಡುತ್ತಿರಬಹುದು ಅಲ್ವಾ? ಅಂಥದ್ದನ್ನು ಲೆಕ್ಕದಲ್ಲಿ ಸರಿದೂಗಿಸಲು ನೋಡುತ್ತಾರೆ, ಆದರೂ ಅನುಮಾನ ಪೂರ್ತಿ ಹೋಗುವುದಿಲ್ಲ.

ಇನ್ನೊಂದು ವಿಷಯ. ಬ್ಯಾಕ್ಟೀರಿಯಾಗಳ ಸಂಸಾರ ಒಬ್ಬೊಬ್ಬರ ಹೊಟ್ಟೆಯಲ್ಲಿ ಒಂದೊಂದು ಥರ. ಒಂದೇ ಹಾಲಿಗೆ ಬೇರೆ ಬೇರೆ ಮನೆಯ ಹೆಪ್ಪು ಹಾಕಿದರೆ ಮೊಸರು ಬೇರೆ ಬೇರೆಯಾಗುವ ಹಾಗೆ, ಒಂದೇ ಹಣ್ಣು ನಿಮಗೆ ಕೊಟ್ಟದ್ದನ್ನು ನಿಮ್ಮ ಯಜಮಾನರಿಗೆ ಕೊಡಬೇಕೆಂದಿಲ್ಲ.

ಯಾವುದರಿಂದ ಅಳೆಯೋಣ?

ನಾನು ಮೊದಲು ನೋಡುವುದು ಬಣ್ಣ ಮತ್ತು ಒಗರು ಇರುವ ಭಾಗ ನಮ್ಮ ಹೊಟ್ಟೆಗೆ ಹೋಗುತ್ತದಾ, ಕಸದ ಬುಟ್ಟಿಗೆ ಹೋಗುತ್ತದಾ ಅಂತ. ಬೇರೆಲ್ಲ ಅಳತೆಗಿಂತ ಇದೇ ಮುಖ್ಯ. ನಮ್ಮ ಕಡೆ ಹಣ್ಣು ತಿನ್ನುವ ರೀತಿ ನೋಡಿದರೆ ಸಿಪ್ಪೆ, ಬಿಳಿ ನಾರು, ಬೀಜ ಎಲ್ಲ ಆಚೆ. ಕೆಲಸದ ಪದಾರ್ಥ ಜಾಸ್ತಿ ಇರುವುದು ಅಲ್ಲೇ.

ಆಮೇಲೆ ನಾರು. ಆಮೇಲೆ ಪೊಟ್ಯಾಸಿಯಂ, ಯಾಕೆಂದರೆ ಅದು ಉಪ್ಪಿನ ಸೋಡಿಯಂ ಮೂತ್ರದಲ್ಲಿ ಹೊರಗೆ ಹೋಗುವ ಹಾಗೆ ಮಾಡುತ್ತದೆ. ಬಿಪಿಗೆ ಹಣ್ಣಿನಿಂದ ಆಗುವ ಉಪಕಾರದಲ್ಲಿ ಇದರ ಪಾಲು ದೊಡ್ಡದು, ಕರುಳಿನ ಸುದ್ದಿ ಬಂದ ಮೇಲೆ ಪಾಪ ಇದನ್ನು ಕೇಳುವವರೇ ಇಲ್ಲ. ನಾಲ್ಕನೆಯದು ಸಕ್ಕರೆ, ಏಕೆಂದರೆ ನಮ್ಮಲ್ಲಿ ಬಿಪಿ, ಶುಗರ್ ಜೋಡಿಯಾಗಿಯೇ ಬರುತ್ತವೆ. ಕೊನೆಗೆ ಬೆಲೆ. ವಾರಕ್ಕೊಮ್ಮೆ ತಿನ್ನುವ ದುಬಾರಿ ಹಣ್ಣಿಗಿಂತ ದಿನಾ ತಿನ್ನುವ ಅಗ್ಗದ ಹಣ್ಣು ಮೇಲು. ಕರುಳಿನ ಬ್ಯಾಕ್ಟೀರಿಯಾಗಳಿಗೆ ದಿನಾ ಊಟ ಬೇಕು.

ಬ್ಲೂಬೆರಿ ಮತ್ತು ಅದರ ಬಡ ನೆಂಟರು

ಬ್ಲೂಬೆರಿಯ ಪರವಾಗಿ ಹೇಳಲು ಬೇಕಾದಷ್ಟಿದೆ, ಸುಳ್ಳು ಹೇಳಬಾರದು. ಸಿಪ್ಪೆ ಸಮೇತ ತಿನ್ನುತ್ತೇವೆ, ಆಂಥೋಸಯನಿನ್ ತುಂಬಿದೆ, ಸಕ್ಕರೆ ಹದವಾಗಿದೆ. ತೊಂದರೆ ಇರುವುದು ಬೆಲೆಯಲ್ಲಿ. ಮೈಸೂರಿನ ಸೂಪರ್ ಮಾರ್ಕೆಟ್‌ಗಳಲ್ಲಿ 125 ಗ್ರಾಂ ಡಬ್ಬಿಗೆ ಇನ್ನೂರು, ಮುನ್ನೂರು ರೂಪಾಯಿ ಆಗುತ್ತದೆ. ಜರ್ಮನಿಯ ಲೆಕ್ಕದಂತೆ ತಿನ್ನಬೇಕಾದರೆ ದಿನಕ್ಕೊಂದು ಡಬ್ಬಿ ಬೇಕು. ತಿಂಗಳಿಗೆ ಎಷ್ಟಾಯಿತು ನೀವೇ ಗುಣಿಸಿ. ಮಗ ತಂದರೆ ತಿನ್ನಿ, ನೀವಾಗಿ ಕೊಳ್ಳಬೇಡಿ. ಇದು ನನ್ನ ಅಭಿಪ್ರಾಯ.

ಏಕೆಂದರೆ ಅದೇ ನೀಲಿ ಬಣ್ಣ ನಮ್ಮಲ್ಲೇ ಇದೆ. ಗಾಡಿಗಳಲ್ಲಿ ಗುಡ್ಡೆ ಹಾಕಿ ಮಾರುವ ಬೀಜದ ಕಪ್ಪು ದ್ರಾಕ್ಷಿ ನೋಡಿದ್ದೀರಲ್ಲ, ಬೆಂಗಳೂರು ನೀಲಿ ಅನ್ನುತ್ತಾರೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ ಬರುತ್ತದೆ. ಇದನ್ನು ನಾವು ತಿನ್ನುವ ರೀತಿ ಗಮನಿಸಿ. ಎರಡು ಬೆರಳಲ್ಲಿ ಹಿಡಿದು ಒತ್ತುತ್ತೇವೆ. ಹಸಿರು ತಿರುಳು ಪುಳಕ್ಕನೆ ಬಾಯಿಗೆ ಹಾರುತ್ತದೆ. ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ಬೀಜ ಉಗಿಯುತ್ತೇವೆ. ಕೊನೆಗೆ ತಟ್ಟೆ ನೋಡಿದರೆ ಕಡು ನೇರಳೆ ಬಣ್ಣದ ಸಿಪ್ಪೆಯ ರಾಶಿ. ಆಂಥೋಸಯನಿನ್ ಪೂರ್ತಿ ಆ ರಾಶಿಯಲ್ಲಿದೆ, ಒಗರಿನ ಟ್ಯಾನಿನ್ (ಇದೂ ಪಾಲಿಫಿನಾಲೇ) ಬೀಜದಲ್ಲಿದೆ. ಹೊಟ್ಟೆಗೆ ಹೋದದ್ದು ಸಕ್ಕರೆ ನೀರು. ಸಿಪ್ಪೆ ದಪ್ಪ, ಅಗಿಯಲು ಬೇಜಾರು, ನಿಜ. ಹಾಗೇ ಅಗಿಯಲು ಆಗದವರು ಇಡೀ ಹಣ್ಣನ್ನು ಮಿಕ್ಸಿಗೆ ಹಾಕಿ, ಸೋಸದೆ, ಸಕ್ಕರೆ ಹಾಕದೆ ಅರ್ಧ ಲೋಟ ಕುಡಿಯಬಹುದು. ದ್ರಾಕ್ಷಿಗೆ ಔಷಧಿ ಜಾಸ್ತಿ ಹೊಡೆಯುತ್ತಾರೆ. ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಎರಡು ಮೂರು ನೀರಲ್ಲಿ ತೊಳೆಯಿರಿ. ಶುಗರ್ ಇರುವವರಿಗೆ ದ್ರಾಕ್ಷಿ ಒಳ್ಳೆಯ ಆಯ್ಕೆಯಲ್ಲ, 100 ಗ್ರಾಂಗೆ ಸುಮಾರು 16 ಗ್ರಾಂ ಸಕ್ಕರೆ ಇರುತ್ತದೆ.

ಅವರಿಗೆ ನೇರಳೆ ವಾಸಿ. ಆಷಾಢದ ಆಸುಪಾಸಿನಲ್ಲಿ ಬುಟ್ಟಿ ಬುಟ್ಟಿ ಬರುತ್ತದೆ. ನಾಲಿಗೆ ನೀಲಿ ಮಾಡುವ ಬಣ್ಣ ಇದರ ತಿರುಳಿನಲ್ಲೂ ಇದೆ, ಸಿಪ್ಪೆಯಲ್ಲೂ ಇದೆ, ನಾವು ಎರಡನ್ನೂ ತಿನ್ನುತ್ತೇವೆ. ಎರಡು ಅಡ್ಡಿಗಳು. ಒಂದು, ಸೀಸನ್ ಕೆಲವೇ ವಾರ. ಇನ್ನೊಂದು, ಬಿಪಿ ವಿಷಯದಲ್ಲಿ ಬೆರಿಗಳ ಮೇಲೆ ನಡೆದಷ್ಟು ದೊಡ್ಡ ಅಧ್ಯಯನಗಳು ನೇರಳೆ ಮೇಲೆ ಆಗಿಲ್ಲ. ಬಣ್ಣದ ಪದಾರ್ಥಗಳು ಒಂದೇ ಜಾತಿಯವು ಅಂತ ಊಹಿಸಿ ಹೇಳುವ ಮಾತಿದು. ದೊಡ್ಡ ಜಂಬುನೇರಳೆ ಬಾಯಿಗೆ ಚೆನ್ನ. ಒಗರು ಜಾಸ್ತಿ ಇರುವ ಚಿಕ್ಕ ನೇರಳೆಯನ್ನು ಯಾರೂ ಕೊಳ್ಳುವುದಿಲ್ಲ, ನಾನಾದರೆ ಅದನ್ನೇ ಆರಿಸುತ್ತೇನೆ. ಒಗರು ಇದ್ದಲ್ಲಿ ಟ್ಯಾನಿನ್ ಇದೆ ಅಂತಲೇ ಅರ್ಥ.

ಮಂಡ್ಯ ಕಡೆಯವರಿಗೆ ಇನ್ನೊಂದು ದಾರಿ ಇದೆ, ಹಿಪ್ಪುನೇರಳೆ ಹಣ್ಣು. ರೇಷ್ಮೆ ಸೀಮೆಯಲ್ಲಿ ಕೂತು ಬ್ಲೂಬೆರಿ ಹುಡುಕುವುದು ನೋಡಿದರೆ ನಗು ಬರುತ್ತದೆ. ಬೆರಿಗಳಲ್ಲಿರುವಂಥ ಆಂಥೋಸಯನಿನ್ ಇದರಲ್ಲೂ ಇದೆ. ಸೊಪ್ಪಿಗಾಗಿ ಬೆಳೆಸುವ ವಿ-1 ತಳಿಯ ತೋಟದಲ್ಲಿ ಹಣ್ಣು ಸಿಗುವುದು ಕಷ್ಟ, ಹಣ್ಣಾಗುವಷ್ಟರಲ್ಲಿ ಕಟಾವು ಮಾಡಿರುತ್ತಾರೆ. ಬದುವಿನಲ್ಲಿ ಮರವಾಗಿ ಬಿಟ್ಟ ಹಳೆ ಗಿಡಗಳಿದ್ದರೆ ಮಕ್ಕಳು, ಹಕ್ಕಿಗಳು ಉಳಿಸಿದ್ದು ನಿಮಗೆ. ಔಷಧಿ ಹೊಡೆದು ಎಷ್ಟು ದಿನವಾಯಿತು ಅಂತ ತೋಟದವರನ್ನು ಕೇಳಿಯೇ ಕೀಳಿ.

ದಾಳಿಂಬೆ

ಇದರ ವಿಷಯ ಸ್ವಲ್ಪ ಸಿಕ್ಕು. ದಾಳಿಂಬೆ ರಸ ಕುಡಿಸಿ ಮಾಡಿದ ಎಂಟು ಪರೀಕ್ಷೆಗಳನ್ನು ಒಟ್ಟು ಸೇರಿಸಿ 2017ರಲ್ಲಿ ಲೆಕ್ಕ ಹಾಕಿದಾಗ ಮೇಲಿನ ಬಿಪಿ ಸರಾಸರಿ 5 ಪಾಯಿಂಟ್‌ನಷ್ಟು, ಕೆಳಗಿನದು 2 ಪಾಯಿಂಟ್‌ನಷ್ಟು ಇಳಿದದ್ದು ಕಂಡಿತು. ಇಲ್ಲಿ ಸುಮ್ನೆ ನೋಡಿದ್ದಲ್ಲ, ಕೊಟ್ಟು ಅಳೆದದ್ದು. ಹಾಗಾಗಿ ತೂಕ ಜಾಸ್ತಿ.

ಆದರೆ ಯಾವ ರಸ ಅನ್ನುವುದು ಮುಖ್ಯ. ದಾಳಿಂಬೆಯ ಪ್ಯೂನಿಕಲಾಜಿನ್ ಎಂಬ ಪಾಲಿಫಿನಾಲ್ ಬಹುಪಾಲು ಇರುವುದು ಹೊರಸಿಪ್ಪೆ ಮತ್ತು ಒಳಗಿನ ಬಿಳಿ ಪೊರೆಯಲ್ಲಿ. ಕಾರ್ಖಾನೆಯಲ್ಲಿ ಇಡೀ ಹಣ್ಣನ್ನು ಒತ್ತಿ ತೆಗೆದ ರಸಕ್ಕೆ ಅದು ಇಳಿಯುತ್ತದೆ. ಮನೆಯಲ್ಲಿ ನಾವು ಕಾಳು ಬಿಡಿಸಿ, ಪೊರೆಯನ್ನೆಲ್ಲ ಕಿತ್ತು, ಮಿಕ್ಸಿಗೆ ಹಾಕಿ, ಸೋಸಿ, ಮೇಲೆ ಎರಡು ಚಮಚ ಸಕ್ಕರೆ ಹಾಕುತ್ತೇವೆ. ಆ 5 ಪಾಯಿಂಟನ್ನು ಈ ಲೋಟಕ್ಕೆ ಅಂಟಿಸಲು ಆಗುವುದಿಲ್ಲ.

ಕರುಳಿನ ಆಟ ಇಲ್ಲಿ ಇನ್ನೂ ಎದ್ದು ಕಾಣುತ್ತದೆ. ಈ ಪ್ಯೂನಿಕಲಾಜಿನ್ ಅನ್ನು ಬ್ಯಾಕ್ಟೀರಿಯಾಗಳು ಒಡೆದು ಯುರೋಲಿಥಿನ್ ಎಂಬ, ರಕ್ತಕ್ಕೆ ಸೇರುವ ಚಿಕ್ಕ ತುಣುಕಾಗಿ ಮಾಡಬೇಕು. ಗಾರ್ಡೊನಿಬ್ಯಾಕ್ಟರ್ ಥರದ ಕೆಲವು ಬ್ಯಾಕ್ಟೀರಿಯಾಗಳಿಗೆ ಮಾತ್ರ ಆ ಕೆಲಸ ಗೊತ್ತು. ಅವು ಇಲ್ಲದವರ ಹೊಟ್ಟೆಯಲ್ಲಿ ಎಷ್ಟು ದಾಳಿಂಬೆ ತಿಂದರೂ ಯುರೋಲಿಥಿನ್ ಆಗುವುದೇ ಇಲ್ಲ. ನೀವು ಯಾವ ಗುಂಪು ಅಂತ ಮನೆಯಲ್ಲಿ ಕೂತು ತಿಳಿಯುವ ದಾರಿ ಇಲ್ಲ. ಅದಕ್ಕೇ ಇರುವ ದುಡ್ಡನ್ನೆಲ್ಲ ದಾಳಿಂಬೆಯ ಮೇಲೇ ಹಾಕುವುದು ನನಗೆ ಒಪ್ಪಿಗೆಯಿಲ್ಲ. ವಾರಕ್ಕೆ ಎರಡು ಮೂರು ಸಲ, ಕಾಳನ್ನು ಬೀಜ ಸಮೇತ ಅಗಿದು, ಅಲ್ಲಲ್ಲಿ ಅಂಟಿದ ಪೊರೆಯನ್ನು ಹಾಗೇ ಬಿಟ್ಟು ತಿನ್ನಿ. ಸಾಕು.

ಸೀಬೆಹಣ್ಣು

ಒಂದೇ ಹಣ್ಣು ಹೇಳಿ ಅಂತ ಹಟ ಹಿಡಿದರೆ ನಾನು ಹೇಳುವುದು ಸೀಬೆ. ಉಗಿಯುವುದು, ಬಿಸಾಡುವುದು ಏನೂ ಇಲ್ಲ. 100 ಗ್ರಾಂಗೆ 5 ಗ್ರಾಂ ಮೇಲೆ ನಾರು, ಅಂದರೆ ಬಾಳೆಹಣ್ಣಿನ ಎರಡರಷ್ಟು. ಪೊಟ್ಯಾಸಿಯಂ 400 ಮಿಲಿಗ್ರಾಂ ಆಸುಪಾಸು, ಇದೂ ಬಾಳೆಗಿಂತ ಒಂದು ಕೈ ಮೇಲೆಯೇ. ಸಕ್ಕರೆ ದ್ರಾಕ್ಷಿಗಿಂತ ಎಷ್ಟೋ ಕಡಿಮೆ. ಬೆಲೆಯೂ ಕೈಗೆಟಕುತ್ತದೆ. ಪೂರ್ತಿ ಹಣ್ಣಾಗಿ ಘಮ್ಮೆನ್ನುವುದಕ್ಕಿಂತ ದೋರೆಗಾಯಿ ಒಳ್ಳೆಯದು, ಸ್ವಲ್ಪ ಒಗರು ಇರುತ್ತದೆ.

ಒಂದೇ ಒಂದು ಅಪಾಯ, ಅದು ಗಾಡಿಯವರ ಕೈಯಲ್ಲಿದೆ. ಸೀಬೆಯನ್ನು ನಾಲ್ಕು ಸೀಳು ಮಾಡಿ, ಮಧ್ಯೆ ಉಪ್ಪು ಖಾರ ಒತ್ತಿ ಕೊಡುತ್ತಾರಲ್ಲ, ಅದು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ, ಒಂದು ಟೀ ಚಮಚವೂ ತುಂಬುವುದಿಲ್ಲ. ಮನೆಯ ಸಾರು, ಪಲ್ಯ, ಮಜ್ಜಿಗೆಯಲ್ಲೇ ಅದು ಮುಗಿದಿರುತ್ತದೆ. ಮಧ್ಯಾಹ್ನ ಉಪ್ಸಾರು ಖಾರ ಕಲಸಿಕೊಂಡು ಮುದ್ದೆ ಉಂಡವರಿಗಂತೂ ಕೇಳಲೇಬೇಡಿ. ಬಿಪಿಗೆಂದು ತಿನ್ನುವ ಹಣ್ಣಿನ ಮೇಲೇ ಉಪ್ಪು ಉದುರಿಸಿದರೆ ಪೊಟ್ಯಾಸಿಯಂ ಮಾಡಿದ್ದನ್ನು ಸೋಡಿಯಂ ಕೆಡಿಸುತ್ತದೆ. ನೇರಳೆಗೂ ಇದೇ ಮಾತು. ಬೆಟ್ಟದ ನೆಲ್ಲಿಕಾಯಿಗೆ ಇನ್ನೂ ಜಾಸ್ತಿ. ಒಗರಿಗೆ, ಸಿ ವಿಟಮಿನ್‌ಗೆ, ಬೆಲೆಗೆ ಅದನ್ನು ಮೀರಿಸುವ ಹಣ್ಣಿಲ್ಲ, ಆದರೆ ನಾವು ತಿನ್ನುವುದು ಉಪ್ಪು ನೀರಲ್ಲಿ ನೆನೆದದ್ದನ್ನು. ಹಸಿಯಾಗಿ ತುರಿದು ಮೊಸರಿಗೆ ಹಾಕಿ ನೋಡಿ.

ಕಿತ್ತಳೆ, ಮೂಸಂಬಿ

ಕಿತ್ತಳೆಯಲ್ಲಿರುವ ಹೆಸ್ಪೆರಿಡಿನ್ ಎಂಬ ಫ್ಲೇವನಾಯ್ಡ್ ಬಗ್ಗೆ ಒಳ್ಳೆಯ ಪರೀಕ್ಷೆ ನಡೆದಿದೆ. ದಪ್ಪಗಿದ್ದ 24 ಮಧ್ಯವಯಸ್ಸಿನ ಗಂಡಸರಿಗೆ ನಾಲ್ಕು ವಾರ ದಿನಕ್ಕೆ ಅರ್ಧ ಲೀಟರ್ ಕಿತ್ತಳೆ ರಸ ಕೊಟ್ಟಾಗ ಕೆಳಗಿನ ಬಿಪಿ ಇಳಿಯಿತು. ಹೆಸ್ಪೆರಿಡಿನ್ ಕ್ಯಾಪ್ಸೂಲ್ ಕೊಟ್ಟಾಗಲೂ ಇಳಿಯಿತು. ಈ ಹೆಸ್ಪೆರಿಡಿನ್‌ಗೆ ಒಂದು ಸಕ್ಕರೆ ತುಣುಕು ಅಂಟಿಕೊಂಡಿರುತ್ತದೆ. ಅದನ್ನು ಕತ್ತರಿಸಿ ಬಿಡಿಸುವುದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಕೆಲಸ. ಹಣ್ಣಿನಲ್ಲಿ ಇದು ಜಾಸ್ತಿ ಇರುವುದು ತೊಳೆಯ ಮೇಲಿನ ಬಿಳಿ ನಾರಿನಲ್ಲಿ. ಕೂತು ಕೂತು ಒಂದೊಂದು ಎಳೆ ಕೀಳುತ್ತೀರಲ್ಲ, ಆ ನಾರಿನಲ್ಲಿ! ಹಾಗೇ ತಿನ್ನಿ, ಸಮಯವೂ ಉಳಿಯುತ್ತದೆ. ದಿನಕ್ಕೆ ಅರ್ಧ ಲೀಟರ್ ರಸ ಮಾತ್ರ ಬೇಡ, ಶುಗರ್ ಇರುವವರಿಗಂತೂ ಬೇಡವೇ ಬೇಡ. ಅಂಗಡಿಯ ಮೂಸಂಬಿ ಜ್ಯೂಸ್ ಸೋಸಿ ಸಕ್ಕರೆ ಹಾಕಿದ್ದು, ಅದನ್ನು ಹಣ್ಣಿನ ಲೆಕ್ಕಕ್ಕೆ ಸೇರಿಸಬೇಡಿ. ಮಂಡ್ಯದಿಂದ ಒಬ್ಬರು ಕಬ್ಬಿನ ಹಾಲು ನಡೆಯುತ್ತದಾ ಅಂತ ಕೇಳಿದ್ದರು. ಬಾಯಾರಿಕೆಗೆ ಅಪರೂಪಕ್ಕೆ ಕುಡಿಯಿರಿ, ಬಿಪಿಗೆ ಔಷಧಿ ಅಂತ ಬೇಡ.

ಬಾಳೆಹಣ್ಣು, ಸೇಬು

ಬಾಳೆಯಲ್ಲಿ ಬಣ್ಣದ ಪದಾರ್ಥ ಕಡಿಮೆ. ಇದರ ಶಕ್ತಿ ಪೊಟ್ಯಾಸಿಯಂ, 100 ಗ್ರಾಂಗೆ 350 ಮಿಲಿಗ್ರಾಂ ಚಿಲ್ಲರೆ. ತೀರಾ ಹಣ್ಣಾಗದೆ ಗಟ್ಟಿಯಿರುವಾಗ ತಿಂದರೆ ಜೀರ್ಣವಾಗದ ಪಿಷ್ಟ ಕೆಳಗಿಳಿದು ಬ್ಯಾಕ್ಟೀರಿಯಾಗಳಿಗೆ ಸಿಗುತ್ತದೆ. ಚುಕ್ಕೆ ಬಿದ್ದು ಮೆತ್ತಗಾದಾಗ ಅದೆಲ್ಲ ಸಕ್ಕರೆಯಾಗಿರುತ್ತದೆ. ಏಲಕ್ಕಿ, ಪಚ್ಚಬಾಳೆ ಯಾವುದಾದರೂ ಸರಿ. ನಂಜನಗೂಡು ರಸಬಾಳೆ ಬಿಪಿಗೆ ವಿಶೇಷ ಅಂತ ಕೆಲವರು ಮಾರುತ್ತಾರೆ. ಪನಾಮಾ ಸೊರಗು ರೋಗದ ಕಾಟದಿಂದ ಬೆಳೆಯುವವರೇ ಕಡಿಮೆಯಾಗಿ ಅದು ದುಬಾರಿಯಾಗಿದೆ. ರುಚಿಗೆ ಕೊಳ್ಳಿ, ರುಚಿಗೆ ಅದಕ್ಕೆ ಸಾಟಿಯಿಲ್ಲ. ಬಿಪಿಗೆ ಏಲಕ್ಕಿ ಸಾಕು. ಸೇಬಿನ ವಿಷಯ ಬೇಗ ಮುಗಿಯುತ್ತದೆ. ಸಿಪ್ಪೆ ಸಮೇತ ತಿಂದರೆ ಪರವಾಗಿಲ್ಲ, ಹೆರೆದು ತಿಂದರೆ ಕೊಟ್ಟ ದುಡ್ಡಿಗೆ ಸೀಬೆಯಷ್ಟು ಬರುವುದಿಲ್ಲ.

ಯಾರಿಗೆ ಯಾವುದು

ಕಿಡ್ನಿ ತೊಂದರೆ ಇರುವವರಿಗೆ ಮೇಲಿನ ಹೋಲಿಕೆ ತಲೆಕೆಳಗಾಗುತ್ತದೆ. ಪೊಟ್ಯಾಸಿಯಂ ಹೊರಹಾಕುವುದೇ ಕಷ್ಟವಾದಾಗ ಸೀಬೆ, ಬಾಳೆ, ಕಿತ್ತಳೆ ಅಪಾಯಕ್ಕೆ ತಿರುಗಬಹುದು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಸ್ಪೈರನೊಲ್ಯಾಕ್ಟೋನ್ ಮಾತ್ರೆಗಳು ಪೊಟ್ಯಾಸಿಯಂ ಅನ್ನು ಮೈಯಲ್ಲೇ ಹಿಡಿದಿಡುತ್ತವೆ. ಕಿಡ್ನಿ ಚೆನ್ನಾಗಿದ್ದರೆ ದಿನಕ್ಕೊಂದು ಹಣ್ಣಿಗೆ ಹೆದರಬೇಕಿಲ್ಲ. ಇಲ್ಲವಾದರೆ ರಕ್ತದ ಪೊಟ್ಯಾಸಿಯಂ ರಿಪೋರ್ಟ್ ತೋರಿಸಿ ಕೇಳಿ. ಅಂಥವರಿಗೆ ಪೊಟ್ಯಾಸಿಯಂ ಕಡಿಮೆ ಇರುವ ಸೇಬು, ಬ್ಲೂಬೆರಿ, ನೇರಳೆ ಹೊಂದಬಹುದು. ಬ್ಲೂಬೆರಿಗೆ ದುಡ್ಡು ಹಾಕುವುದಕ್ಕೆ ಅರ್ಥವಿರುವ ಜಾಗ ಇದೊಂದೇ ಅಂತ ನನಗನ್ನಿಸುತ್ತದೆ.

ಚಕ್ಕೋತ ಇಷ್ಟಪಡುವವರು ಮಾತ್ರೆಯ ಹೆಸರು ನೋಡಿಕೊಳ್ಳಿ. 1989ರಲ್ಲಿ ಕೆನಡಾದಲ್ಲಿ ಫೆಲೊಡಿಪಿನ್ ಎಂಬ ಬಿಪಿ ಮಾತ್ರೆಯ ಮೇಲೆ ಮದ್ಯದ ಪರಿಣಾಮ ನೋಡಲು ಹೋದರು. ಮದ್ಯದ ರುಚಿ ಮುಚ್ಚಲು ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ಮಾತ್ರೆಯ ಮಟ್ಟ ರಕ್ತದಲ್ಲಿ ವಿಪರೀತ ಏರಿತು. ಕಾರಣ ಮದ್ಯವಲ್ಲ, ರಸ. ಮಾತ್ರೆಯನ್ನು ಒಡೆಯುವ ಕರುಳಿನ ಗೋಡೆಯ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಚಕ್ಕೋತದಲ್ಲೂ ಅಂಥ ಪದಾರ್ಥಗಳಿವೆ. ಫೆಲೊಡಿಪಿನ್, ನಿಫೆಡಿಪಿನ್ ಅಥವಾ ಕೊಲೆಸ್ಟ್ರಾಲ್‌ನ ಸಿಮ್ವಸ್ಟ್ಯಾಟಿನ್, ಅಟೊರ್ವಸ್ಟ್ಯಾಟಿನ್ ನುಂಗುವವರು ಡಾಕ್ಟರನ್ನು ಕೇಳದೆ ತಿನ್ನಬೇಡಿ. ನಮ್ಮಲ್ಲಿ ಬಹಳ ಜನ ತೆಗೆದುಕೊಳ್ಳುವ ಅಮ್ಲೋಡಿಪಿನ್ ಮೇಲೆ ಇದರ ಪರಿಣಾಮ ಕಡಿಮೆ.

ಬಿಪಿ, ಶುಗರ್ ಎರಡೂ ಇದ್ದು ಪೆನ್ಷನ್ನಿನಲ್ಲಿ ಮನೆ ನಡೆಸುವವರಿಗೆ: ದಿನಾ ಒಂದು ಮಧ್ಯಮ ಗಾತ್ರದ ದೋರೆ ಸೀಬೆ, ಸೀಸನ್ನಿನಲ್ಲಿ ನೇರಳೆ, ಚಳಿಗಾಲದಲ್ಲಿ ನಾರು ಕೀಳದ ಕಿತ್ತಳೆ. ಬಿಪಿ ಮಾತ್ರ ಇರುವವರು ಇದಕ್ಕೆ ಸಿಪ್ಪೆ ಸಮೇತ ಕಪ್ಪು ದ್ರಾಕ್ಷಿ, ಬಾಳೆ ಸೇರಿಸಿಕೊಳ್ಳಿ. ಖರ್ಚಿಗೆ ಯೋಚನೆ ಇಲ್ಲದವರು ದಾಳಿಂಬೆಯನ್ನು ವಾರಕ್ಕೆ ಮೂರು ಸಲ ಮಾಡಿ. ಹಾಸ್ಟೆಲ್ ಹುಡುಗರಿಗೆ ಬಾಳೆ, ಸೀಬೆ ಎರಡೇ ಸಾಕು. ವಾರಕ್ಕೊಮ್ಮೆಯಾದರೂ ಹಣ್ಣು ಬದಲಾಯಿಸಿ, ಬೇರೆ ಬೇರೆ ಬ್ಯಾಕ್ಟೀರಿಯಾಗಳಿಗೆ ಬೇರೆ ಬೇರೆ ಊಟ ಸಿಗಲಿ. ರಾಗಿ, ಹುರುಳಿ, ಅವರೆಕಾಳು ಬಿಟ್ಟು ಹಣ್ಣೊಂದರಿಂದಲೇ ಕರುಳು ಸರಿಮಾಡಲು ಹೊರಡಬೇಡಿ.

ಇಷ್ಟು ದಿನ ಹಣ್ಣೇ ತಿನ್ನದವರಿಗೆ ಮೊದಲ ವಾರ ಹೊಟ್ಟೆ ಉಬ್ಬರ, ಗ್ಯಾಸ್ ಆಗಬಹುದು. ಅರ್ಧ ಸೀಬೆಯಿಂದ ಶುರು ಮಾಡಿ. ಫಲ ತಿಳಿಯಲು ಎಂಟು ವಾರವಾದರೂ ಕೊಡಿ. ಅಮೆರಿಕದಲ್ಲಿ 459 ಜನರ ಮೇಲೆ ಮಾಡಿ 1997ರಲ್ಲಿ ಪ್ರಕಟಿಸಿದ ಹೆಸರಾಂತ ಊಟದ ಪರೀಕ್ಷೆಯೂ ಎಂಟು ವಾರದ್ದೇ. ಅಲ್ಲಿ ಹಣ್ಣು ತರಕಾರಿ ಹೆಚ್ಚಿಸಿದ್ದರಿಂದ ಮೇಲಿನ ಬಿಪಿ ಇಳಿದದ್ದು ಸರಾಸರಿ 2.8 ಪಾಯಿಂಟ್, ಹಾಲು ಮೊಸರು ಸೇರಿಸಿ ಜಿಡ್ಡೂ ಕಡಿಮೆ ಮಾಡಿದಾಗ 5.5. ಮನೆಯಲ್ಲಿ ಮಷೀನ್ ಇದ್ದರೆ ಬೆಳಿಗ್ಗೆ ಕಾಫಿಗೆ ಮುಂಚೆ, ಐದು ನಿಮಿಷ ಸುಮ್ನೆ ಕೂತು ಅಳೆದು ಬರೆದಿಡಿ. ಮಾತ್ರೆ ಕಡಿಮೆ ಮಾಡಬೇಕಾ ಬೇಡವಾ ಅನ್ನುವುದನ್ನು ಆ ಚೀಟಿ ನೋಡಿ ಡಾಕ್ಟರೇ ಹೇಳಲಿ.